ಎಪ್ಪತ್ತೆರಡರಲ್ಲೊಂದು ಪಾಲು

ವಯಸ್ಸಾದವರು ಆಟದ ಸಾಮಾನನ್ನು ಮುಂದಿಟ್ಟುಕೊಂಡು ಕುಳಿತರೆ ನಮ್ಮ ಜನಕ್ಕೆ ನಗು ಬರುತ್ತದೆ. ಅಂಚೆಚೀಟಿ ಕೂಡಿಸುವವನನ್ನು ಅವರು ಕ್ಷಮಿಸಿಯಾರು. ಎಂದಾದರೊಂದು ದಿನ ಅದಕ್ಕೆ ಬೆಲೆ ಬಂದೀತೆಂಬ ಆಸೆಯುಂಟು. ನಿವೃತ್ತನಾದ ಮೇಲೆ ವೀಣೆ ಕಲಿಯಹೊರಟ ಗುಮಾಸ್ತೆಯನ್ನು ಮೆಚ್ಚಿದರೂ ಮೆಚ್ಚಿಯಾರು. ಆದರೆ ನಲವತ್ತು ದಾಟಿದ ಗೃಹಸ್ಥನೊಬ್ಬನು ರಾತ್ರಿಯ ಊಟ ಮುಗಿಸಿ, ಮೇಜಿನ ದೀಪವನ್ನು ಹತ್ತಿರಕ್ಕೆಳೆದುಕೊಂಡು, ಸಾಸಿವೆಯಷ್ಟು ತುಣುಕೊಂದನ್ನು ಚಿಮಟದಲ್ಲಿ ಹಿಡಿದು ಅಂಗೈಯಗಲದ ವಿಮಾನಕ್ಕೆ ಅಂಟಿಸುತ್ತಿದ್ದರೆ, ಮನೆಯವರು, ನೆರೆಯವರು, ನಂಟರು ಎಲ್ಲರೂ ಕೇಳುವುದು ಒಂದೇ ಮಾತು: ‘ಇದರಿಂದ ಏನು ಬಂತು?’ ಇನ್ನು ಕೆಲವರು, ಸ್ವಲ್ಪ ಯೋಚಿಸುವವರು, ಬೇರೊಂದು ಪ್ರಶ್ನೆಯನ್ನು ಕೇಳುತ್ತಾರೆ. ಆ ವಿಮಾನ ಬಾಂಬು ಹಾಕಿದ ವಿಮಾನ. ಪಕ್ಕದಲ್ಲಿರುವುದು ಊರೂರುಗಳನ್ನು ತುಳಿದ ಟ್ಯಾಂಕು. ಅದರಾಚೆಗಿರುವುದು ನೀರಿನಡಿಯಿಂದ ಹಡಗುಗಳನ್ನು ಮುಳುಗಿಸಿದ ಜಲಾಂತರ್ಗಾಮಿ. ಕೊಲ್ಲುವ ಯಂತ್ರಗಳನ್ನು ಹೀಗೆ ಮುದ್ದಿನ ಬೊಂಬೆಗಳನ್ನಾಗಿ ಮಾಡುವುದು ಸರಿಯೆ? ಮೊದಲನೆಯ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟವಲ್ಲ. ಎರಡನೆಯದನ್ನು ಅಷ್ಟು ಹಗುರವಾಗಿ ದಾಟುವಂತಿಲ್ಲ.

ಅಳತೆಗೆ ಸರಿಯಾಗಿ ಕುಗ್ಗಿಸಿದ ಮಾದರಿಗಳನ್ನು ಕಟ್ಟುವ ಈ ಹವ್ಯಾಸ ನಮ್ಮಲ್ಲಿ ವಿರಳ. ಇಂಗ್ಲೆಂಡಿನಲ್ಲಿ ಅದಕ್ಕೆ ತೊಂಬತ್ತು ವರ್ಷಗಳ ಚರಿತ್ರೆಯಿದೆ. ೧೯೩೦ರ ದಶಕದ ಮೊದಲ ವರ್ಷಗಳಲ್ಲಿ ಅಲ್ಲಿ ‘ಸ್ಕೈಬರ್ಡ್ಸ್’ ಎಂಬ ಹೆಸರಿನಲ್ಲಿ ಮರದ ವಿಮಾನಗಳು ಮಾರಾಟಕ್ಕೆ ಬಂದವು. ಅವುಗಳ ಪ್ರಮಾಣ ೧/೭೨. ಅಂದರೆ ನಿಜವಸ್ತುವಿನ ಆರು ಅಡಿ ಮಾದರಿಯಲ್ಲಿ ಒಂದು ಅಂಗುಲ. ಆರಡಿಯ ಆಳು ಒಂದಂಗುಲದ ಆಳಾಗುತ್ತಾನೆ. ೧೯೩೬ರಲ್ಲಿ ‘ಫ್ರಾಗ್’ ಎಂಬ ಸಂಸ್ಥೆ ಅದೇ ಪ್ರಮಾಣದಲ್ಲಿ ಪ್ಲಾಸ್ಟಿಕ್ಕಿನ ವಿಮಾನಗಳನ್ನು ಹೊರತಂದು ಅವುಗಳಿಗೆ ‘ಪೆಂಗ್ವಿನ್’ ಎಂದು ಹೆಸರಿಟ್ಟಿತು. ಹಾರಲಾರದ ವಿಮಾನಕ್ಕೆ ಹಾರಲಾರದ ಹಕ್ಕಿಯ ಹೆಸರು! ವ್ಯಾಪಾರಿಗಳಲ್ಲಿಯೂ ರಸಿಕರಿರುತ್ತಾರೆ. ಮುಂದೆ, ಹಂಗೇರಿಯಿಂದ ವಲಸೆ ಬಂದ ನಿಕೋಲಸ್ ಕೋವ್ ೧೯೩೯ರಲ್ಲಿ ಆರಂಭಿಸಿದ ‘ಏರ್‌ಫಿಕ್ಸ್’, ಗಾಳಿ ತುಂಬುವ ಆಟಿಕೆಗಳನ್ನೂ ಬಾಚಣಿಗೆಗಳನ್ನೂ ಮಾಡಿ ಮಾರಿ, ೧೯೫೦ರ ದಶಕದಲ್ಲಿ ಸ್ಪಿಟ್‌ಫೈರ್ ವಿಮಾನದ ಬಿಡಿಭಾಗಗಳನ್ನು ಶಾಲೆಯ ಹುಡುಗನ ಕೈಖರ್ಚಿಗೆ ಎಟುಕುವಂತೆ ಮಾಡಿತು.

ಟ್ಯಾಂಕುಗಳ ಪ್ರಮಾಣ ೧/೩೫ ಆದ ಬಗೆ ಇನ್ನೂ ಸ್ವಾರಸ್ಯವಾಗಿದೆ. ಜಪಾನಿನ ಟಮಿಯಾ ಸಂಸ್ಥೆ ೧೯೬೧ರಲ್ಲಿ ಜರ್ಮನರ ‘ಪ್ಯಾಂಥರ್’ ಟ್ಯಾಂಕಿನ ಮಾದರಿಯನ್ನು ತಯಾರಿಸಿದಾಗ, ಅದು ತಾನಾಗಿ ಚಲಿಸಲೆಂದು ಅದರೊಳಗೆ ಒಂದು ಪುಟ್ಟ ಮೋಟಾರನ್ನೂ ಬ್ಯಾಟರಿಗಳನ್ನೂ ಇಡಬೇಕಾಗಿತ್ತು. ಅವು ಹಿಡಿಸುವಷ್ಟು ದೊಡ್ಡದಾಗಿ ಟ್ಯಾಂಕನ್ನು ಮಾಡಿದರು; ಆಮೇಲೆ ಅಳೆದು ನೋಡಿದಾಗ ಅದು ಮೂವತ್ತೈದರಲ್ಲೊಂದು ಪಾಲಾಗಿತ್ತು. ಆ ಸಂಖ್ಯೆಯನ್ನು ಇಂದು ಜಗತ್ತೆಲ್ಲ ಶಾಸ್ತ್ರವೆಂಬಂತೆ ಪಾಲಿಸುತ್ತಿದೆ. ನಮ್ಮ ವ್ಯಾಕರಣದ ಕೆಲವು ನಿಯಮಗಳೂ ಹೀಗೆಯೇ ಹುಟ್ಟಿರಬಹುದೆಂಬ ಸಂಶಯ ನನಗೆ ಆಗಾಗ ಬರುವುದುಂಟು.

ಕಟ್ಟುವ ಕೆಲಸವನ್ನು ಹತ್ತಿರದಿಂದ ನೋಡದವರು ಇದನ್ನು ಬರಿಯ ಅಂಟಿಸುವ ಆಟವೆಂದು ತಿಳಿಯುತ್ತಾರೆ. ಪೆಟ್ಟಿಗೆಯಲ್ಲಿ ಬರುವುದು ಚೌಕಟ್ಟಿನ ಕಡ್ಡಿಗಳಿಗೆ ಕಚ್ಚಿಕೊಂಡ ನೂರಾರು ತುಣುಕುಗಳು, ನಕ್ಷೆಯ ಒಂದು ಹಾಳೆ, ಗುರುತುಗಳ ಒಂದು ಹಾಳೆ. ತುಣುಕನ್ನು ಕತ್ತರಿಸಿ, ಕಚ್ಚಿಕೊಂಡಿದ್ದ ಮೊಳಕೆಯನ್ನು ಹೆರೆದು, ಉಜ್ಜಿ ನಯ ಮಾಡಬೇಕು. ಇಲ್ಲಿ ಬಳಸುವ ಅಂಟು ನಿಜವಾಗಿ ಅಂಟಲ್ಲ. ಅದು ಪ್ಲಾಸ್ಟಿಕ್ಕಿನ ಅಂಚುಗಳನ್ನು ಕರಗಿಸಿ ಎರಡನ್ನೂ ಒಂದೇ ಮಾಡುತ್ತದೆ. ಕಿಟಕಿ ತೆರೆದಿಟ್ಟುಕೊಂಡೇ ಅದನ್ನು ಬಳಸಬೇಕು. ಒಂದು ಹನಿ ಹೆಚ್ಚಾದರೆ ರೆಕ್ಕೆಯೇ ಸೊಟ್ಟಗಾಗುತ್ತದೆ. ಬೆಸುಗೆಯ ಗೆರೆಗೆ ಪುಟ್ಟಿ ತುಂಬಬೇಕು, ಮತ್ತೆ ಉಜ್ಜಬೇಕು, ಮತ್ತೆ ತುಂಬಬೇಕು. ಬಣ್ಣದ ಸರದಿ ಬರುವುದು ಆಮೇಲೆ. ಅದೂ ಆದ ಮೇಲೆ ಗುರುತುಗಳನ್ನು ನೀರಿನಲ್ಲಿ ನೆನೆಸಿ, ಜಾರಿಸಿ, ಕೂರಿಸಬೇಕು. ಎಲ್ಲ ಮುಗಿಯಿತೆನ್ನುವಾಗ, ಅಷ್ಟು ಅಂದವಾಗಿ ಬಳಿದ ಬಣ್ಣದ ಮೇಲೆ ಕೊಳೆ ಹಚ್ಚುವ ಕೆಲಸ ಶುರುವಾಗುತ್ತದೆ: ಟ್ಯಾಂಕಿನ ಪಟ್ಟಿಗೆ ಕೆಸರು, ವಿಮಾನದ ಹೊಗೆಗೊಳವೆಯ ಹಿಂದೆ ಮಸಿ, ಜಲಾಂತರ್ಗಾಮಿಯ ಮೈಗೆ ಉಪ್ಪುನೀರಿನ ತುಕ್ಕು. ಕೆಸರಿಲ್ಲದ ಟ್ಯಾಂಕು ಸುಳ್ಳು ಟ್ಯಾಂಕು.

ಸುಳ್ಳು ನಿಜಗಳ ಮಾತು ಬಂದದ್ದರಿಂದ ನನ್ನ ವೃತ್ತಿಯ ಚಪಲವನ್ನು ವಾಚಕರು ಸ್ವಲ್ಪ ಸಹಿಸಬೇಕು. ರಸಸೂತ್ರಕ್ಕೆ ವ್ಯಾಖ್ಯಾನ ಬರೆದ ಶ್ರೀಶಂಕುಕನು ನಟನನ್ನು ಕಂಡಾಗ ನಮಗಾಗುವ ಅರಿವನ್ನು ಚಿತ್ರದಲ್ಲಿ ಬರೆದ ಕುದುರೆಗೆ ಹೋಲಿಸಿದ. ಚಿತ್ರದ ಕುದುರೆಯನ್ನು ನೋಡಿ ನಾವು ‘ಇದು ಕುದುರೆ’ ಎನ್ನುತ್ತೇವೆ; ಅದು ನಿಜಜ್ಞಾನವೂ ಅಲ್ಲ, ಭ್ರಮೆಯೂ ಅಲ್ಲ, ಸಂಶಯವೂ ಅಲ್ಲ. ಚಿತ್ರತುರಗ ನ್ಯಾಯವೆಂದು ತರಗತಿಯಲ್ಲಿ ನಾವು ಪಾಠ ಹೇಳುವುದು ಇದನ್ನೇ. ಮಾದರಿಕಾರನು ಈ ನ್ಯಾಯವನ್ನು ಕೈಯಿಂದ ಕಲಿಯುತ್ತಾನೆ. ವಿಮಾನದ ಮೈಯಲ್ಲಿ ತಗಡುಗಳು ಕೂಡುವ ಸಂದು ಮೂರು ಮಿಲಿಮೀಟರ್ ಅಗಲವಿದ್ದರೆ, ಎಪ್ಪತ್ತೆರಡರ ಲೆಕ್ಕದಲ್ಲಿ ಅದು ಮಿಲಿಮೀಟರಿನ ಇಪ್ಪತ್ತನಾಲ್ಕನೆಯ ಒಂದು ಭಾಗ. ಕಣ್ಣಿಗೆ ಕಾಣುವುದೇ ಇಲ್ಲ. ಕಾಣಲೆಂದು ಮಾದರಿಯಲ್ಲಿ ಅರ್ಧ ಮಿಲಿಮೀಟರಿನ ಗೆರೆ ಕೊರೆದರೆ, ನಿಜವಿಮಾನದಲ್ಲಿ ಅದು ಮೂವತ್ತಾರು ಮಿಲಿಮೀಟರಿನ ಕಂದಕ! ಬಣ್ಣದ ವಿಷಯವೂ ಹೀಗೆಯೇ. ನಿಜವಿಮಾನಕ್ಕೆ ಬಳಿದ ಬಣ್ಣವನ್ನೇ ತಂದು ಮಾದರಿಗೆ ಬಳಿದರೆ ಅದು ಕಪ್ಪಾಗಿ ತೋರುತ್ತದೆ. ದೂರದಲ್ಲಿರುವುದರ ಬಣ್ಣವನ್ನು ನಡುವಿನ ಗಾಳಿ ತಿಳಿಮಾಡುತ್ತದೆಯಾದ್ದರಿಂದ, ಬಲ್ಲವರು ಬಣ್ಣಕ್ಕೆ ಒಂದಿಷ್ಟು ಬಿಳುಪು ಬೆರೆಸುತ್ತಾರೆ. ಎಲ್ಲಿ ಅಳತೆಗೆ ನಿಷ್ಠನಾಗಿರಬೇಕು, ಎಲ್ಲಿ ಕಣ್ಣಿಗೆ ನಿಷ್ಠನಾಗಿರಬೇಕು ಎಂಬ ವಿವೇಕ ಅನುವಾದಕನಿಗೂ ಬೇಕು, ಕಾದಂಬರಿಕಾರನಿಗೂ ಬೇಕು. ಅದನ್ನು ಹದಿನೆಂಟರ ಹುಡುಗನಿಗೆ ಕಲಿಸುವ ಇಷ್ಟು ಅಗ್ಗದ ಪಾಠಶಾಲೆ ಬೇರೆಯಿಲ್ಲ. ‘ಇದರಿಂದ ಏನು ಬಂತು’ ಎಂಬ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ.

ಮಾದರಿಯನ್ನು ಲೋಕ ಎಷ್ಟು ಗಂಭೀರವಾಗಿ ತೆಗೆದುಕೊಳ್ಳಬಲ್ಲದೆಂಬುದಕ್ಕೆ ಅಮೆರಿಕದ ಎರಡು ಪ್ರಸಂಗಗಳಿವೆ. ೧೯೬೧ರಲ್ಲಿ ‘ರೆವೆಲ್’ ಸಂಸ್ಥೆ ಪೋಲಾರಿಸ್ ಕ್ಷಿಪಣಿಗಳನ್ನು ಹೊತ್ತ ‘ಜಾರ್ಜ್ ವಾಷಿಂಗ್ಟನ್’ ಜಲಾಂತರ್ಗಾಮಿಯ ಮಾದರಿಯನ್ನು, ಒಳಗಿನ ಕೋಣೆಗಳೂ ಕಾಣುವಂತೆ, ಮಾರಾಟಕ್ಕಿಟ್ಟಿತು. ಪರಮಾಣು ಜಲಾಂತರ್ಗಾಮಿಗಳ ಜನಕನೆನಿಸಿದ್ದ ಅಡ್ಮಿರಲ್ ರಿಕೋವರ್ ಕಿಡಿಕಿಡಿಯಾದ. ಎರಡು ಡಾಲರ್ ತೊಂಬತ್ತೆಂಟು ಸೆಂಟಿಗೆ ರಷ್ಯನ್ನರಿಗೆ ಕೋಟಿಗಟ್ಟಲೆ ಬೆಲೆಯ ಗುಟ್ಟು ಸಿಕ್ಕಿತೆಂದು ದೂರಿದ. ಇಪ್ಪತ್ತೈದು ವರ್ಷಗಳ ಮೇಲೆ, ೧೯೮೬ರಲ್ಲಿ, ‘ಟೆಸ್ಟರ್’ ಸಂಸ್ಥೆ ರೇಡಾರಿಗೆ ಕಾಣದ ಗುಪ್ತವಿಮಾನವೊಂದರ ಮಾದರಿಯನ್ನು ‘ಎಫ್-೧೯’ ಎಂಬ ಹೆಸರಿನಲ್ಲಿ ತಂದಿತು. ಆಗಲೂ ಶಾಸನಸಭೆಯವರೆಗೆ ಗದ್ದಲ ಹೋಯಿತು. ೧೯೮೮ರ ನವೆಂಬರಿನಲ್ಲಿ ಸರ್ಕಾರ ನಿಜವಾದ ವಿಮಾನದ ಚಿತ್ರವನ್ನು ಪ್ರಕಟಿಸಿದಾಗ ನೋಡಿದರೆ, ಅದಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ! ಮಾದರಿ ಮೈಯೆಲ್ಲ ದುಂಡಗೆ ನುಣುಪಾಗಿತ್ತು. ನಿಜವಿಮಾನ ಕತ್ತರಿಸಿದ ಹರಳಿನಂತೆ ಮೂಲೆಮೂಲೆಯಾಗಿತ್ತು. ಒಬ್ಬ ಕಲ್ಪಕನ ಊಹೆಯನ್ನು ಲಕ್ಷಾಂತರ ಜನ ನಿಜವೆಂದು ನಂಬಿ ಕೊಂಡಿದ್ದರು.

ಇನ್ನು ಎರಡನೆಯ ಪ್ರಶ್ನೆ. ಯುದ್ಧಕ್ಕೂ ಈ ಹವ್ಯಾಸಕ್ಕೂ ಸಂಬಂಧವೇ ಇಲ್ಲವೆಂದು ವಾದಿಸುವ ಗೆಳೆಯರಿದ್ದಾರೆ. ಅವರ ಮಾತನ್ನು ಚರಿತ್ರೆ ಒಪ್ಪುವುದಿಲ್ಲ. ೧೯೪೨ರಲ್ಲಿ ಅಮೆರಿಕದ ನೌಕಾಪಡೆ ತನ್ನ ದೇಶದ ಪ್ರೌಢಶಾಲೆಗಳ ಮಕ್ಕಳಿಂದ ಐದು ಲಕ್ಷ ಮರದ ವಿಮಾನಗಳನ್ನು ಮಾಡಿಸಲು ಹೊರಟಿತು. ಪ್ರಮಾಣ ಅದೇ ೧/೭೨, ಬಣ್ಣ ಬರಿಯ ಕಪ್ಪು. ಮೂವತ್ತೈದು ಅಡಿ ದೂರದಿಂದ ನೋಡಿದರೆ ಆ ಬೊಂಬೆ ಅರ್ಧ ಮೈಲಿ ದೂರದ ನಿಜವಿಮಾನದಷ್ಟೇ ಕಾಣುತ್ತದೆ. ಯಾವುದು ಶತ್ರುವಿನದು, ಯಾವುದು ನಮ್ಮದು ಎಂದು ಗುರುತಿಸಲು ಸೈನಿಕರು ಕಲಿತದ್ದು ಶಾಲೆಯ ಹುಡುಗರು ಕೆತ್ತಿದ ಈ ಬೊಂಬೆಗಳಿಂದ. ಹುಡುಗನ ಕಿರುಗತ್ತಿಗೂ ಫಿರಂಗಿಯ ಗುರಿಗೂ ನಡುವೆ ಅಂತರ ಹೆಚ್ಚೇನೂ ಇರಲಿಲ್ಲ.

ಜಪಾನಿನ ಶಿಜುವೋಕಾ ನಗರದ ಕಥೆ ನನ್ನನ್ನು ಇದಕ್ಕಿಂತ ಹೆಚ್ಚಾಗಿ ಕಾಡಿದೆ. ಹಿಂದೆ ದೇವಾಲಯಗಳ ನಿರ್ಮಾಣಕ್ಕೆಂದು ಬಂದು ನೆಲೆಸಿದ ಮರಗೆಲಸದವರಿಂದ ಹೆಸರಾದ ಊರು ಅದು. ೧೯೪೫ರ ಜೂನ್ ೧೯-೨೦ರ ರಾತ್ರಿ ಅಮೆರಿಕದ ಬಿ-೨೯ ವಿಮಾನಗಳು ಆ ಊರನ್ನು ಸುಟ್ಟವು. ಅವುಗಳಲ್ಲಿ ಎರಡು ಆಕಾಶದಲ್ಲಿಯೇ ಡಿಕ್ಕಿ ಹೊಡೆದು ಕೆಳಕ್ಕೆ ಬಿದ್ದವು. ಆ ಶತ್ರು ವೈಮಾನಿಕರ ಶವಗಳನ್ನು ಊರಿನವನೊಬ್ಬ, ಬೆಂಕಿಯಲ್ಲಿ ಸತ್ತ ತನ್ನ ಊರವರ ಶವಗಳೊಡನೆಯೇ ಮಣ್ಣುಮಾಡಿದ. ಮರುವರ್ಷ, ೧೯೪೬ರಲ್ಲಿ, ಅದೇ ಊರಿನಲ್ಲಿ ಯೋಶಿಯೋ ಟಮಿಯಾ ಮರ ಕೊಯ್ಯುವ ಕಾರ್ಖಾನೆ ತೆರೆದ. ಮರದಿಂದ ಮರದ ಮಾದರಿಗಳಿಗೆ, ಅಲ್ಲಿಂದ ಪ್ಲಾಸ್ಟಿಕ್ಕಿಗೆ ಬಂದು, ೧೯೬೦ರಲ್ಲಿ ಆ ಸಂಸ್ಥೆ ಹೊರತಂದ ಮೊದಲ ಪ್ಲಾಸ್ಟಿಕ್ ಮಾದರಿ ‘ಯಮಾಟೊ’ ಯುದ್ಧನೌಕೆ. ೧೯೪೫ರ ಏಪ್ರಿಲಿನಲ್ಲಿ ಸುಮಾರು ಮೂರು ಸಾವಿರ ನಾವಿಕರೊಡನೆ ಮುಳುಗಿದ ಹಡಗು ಅದು. ಅವರ ಹೆಂಡಿರು ಮಕ್ಕಳು ಇನ್ನೂ ಬದುಕಿದ್ದರು. ಹದಿನೈದೇ ವರ್ಷಗಳಲ್ಲಿ ಅದು ಅಂಗಡಿಯ ಕಪಾಟಿನಲ್ಲಿ ಮಕ್ಕಳಿಗಾಗಿ ಕಾದಿತ್ತು. ಇದು ಮರೆವೋ, ಶೋಕದ ಇನ್ನೊಂದು ರೂಪವೋ? ತೀರ್ಪು ಕೊಡಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಸತ್ತವರನ್ನು ನೆನೆಯಲು ಕಲ್ಲು ನಿಲ್ಲಿಸುವ ಪದ್ಧತಿ ನಮ್ಮಲ್ಲಿಯೂ ಉಂಟು. ವೀರಗಲ್ಲಿನ ಕೆಳಪಟ್ಟಿಕೆಯಲ್ಲಿ ಕತ್ತಿ, ಬಿಲ್ಲು, ಕುದುರೆಗಳನ್ನೆಲ್ಲ ಕೆತ್ತಿದ ಶಿಲ್ಪಿಯನ್ನು ಯುದ್ಧಪ್ರೇಮಿಯೆಂದು ನಾವು ಬೈಯುವುದಿಲ್ಲ. ಏಕೆಂದರೆ ಅವನು ಆಯುಧದ ಜೊತೆಗೆ ಆಳನ್ನೂ ಕೆತ್ತಿದ್ದಾನೆ.

ನನ್ನ ತಕರಾರು ಇರುವುದು ಇಲ್ಲಿಯೇ. ಈ ಹವ್ಯಾಸದವರಲ್ಲಿ ‘ರಿವೆಟ್ ಎಣಿಸುವವರು’ ಎಂದು ಪರಸ್ಪರ ಹಾಸ್ಯ ಮಾಡುವುದುಂಟು. ರೆಕ್ಕೆಯ ಮೇಲೆ ಒಂದು ಮೊಳೆ ಕಡಿಮೆಯಾದರೆ ಅವರಿಗೆ ನಿದ್ರೆ ಬಾರದು. ಎಣಿಸಲಿ, ಆ ನಿಷ್ಠೆ ನನಗೆ ಪ್ರಿಯವೇ. ಆದರೆ ಆಳುಗಳನ್ನು ಏಕೆ ಎಣಿಸುವುದಿಲ್ಲ? ಜರ್ಮನರ ಏಳನೆಯ ವರ್ಗದ ‘ಸಿ’ ಮಾದರಿಯ ಜಲಾಂತರ್ಗಾಮಿ ೬೭ ಮೀಟರ್ ಉದ್ದ. ೧/೭೨ರಲ್ಲಿ ಅದು ೯೩ ಸೆಂಟಿಮೀಟರ್. ಒಳಗಿನ ನಾವಿಕನೊಬ್ಬ ಎರಡೂಕಾಲು ಸೆಂಟಿಮೀಟರಿನ ಮೇಲೆ ಸ್ವಲ್ಪ. ವಿಮಾನದ ಗಾಜಿನಲ್ಲಿ ಪೀಠ ಕಾಣುತ್ತದೆ, ಟ್ಯಾಂಕಿನ ಮುಚ್ಚಳವನ್ನು ತೆರೆದಿಡಬಹುದು; ಜಲಾಂತರ್ಗಾಮಿ ಮಾತ್ರ ಎಲ್ಲವನ್ನೂ ಮುಚ್ಚಿಕೊಂಡ ಕೊಳವೆ. ಎರಡನೆಯ ಮಹಾಯುದ್ಧದಲ್ಲಿ ಆ ಕೊಳವೆಗಳಲ್ಲಿ ಹೋದ ಸುಮಾರು ನಲವತ್ತು ಸಾವಿರ ಜರ್ಮನರಲ್ಲಿ ಮುಕ್ಕಾಲು ಪಾಲು ಹಿಂದಿರುಗಲಿಲ್ಲ. ಅವರು ಮುಳುಗಿಸಿದ ಹಡಗುಗಳವರ ಲೆಕ್ಕ ಬೇರೆ. ಮೈಮೇಲಿನ ತುಕ್ಕನ್ನು ಅಷ್ಟು ಪ್ರಾಮಾಣಿಕವಾಗಿ ಬಳಿಯುವ ಕೈ ಇದನ್ನೂ ತಿಳಿದಿರಬೇಕೆಂದು ಕೇಳುವುದು ಅತಿಯಾಸೆಯಲ್ಲ. ಅಮೆರಿಕದ ಶೆಪರ್ಡ್ ಪೇಯ್ನ್ ೧೯೭೦ರ ದಶಕದಲ್ಲಿ ಈ ಕೊರತೆಯನ್ನು ತುಂಬಿದವರಲ್ಲಿ ಒಬ್ಬ. ಯಂತ್ರವೊಂದನ್ನೇ ಇಡದೆ, ಅದರ ಸುತ್ತ ನೆಲ, ಒಡೆದ ಗೋಡೆ, ಬಳಲಿದ ಸೈನಿಕರು ಹೀಗೆ ಒಂದು ಪೂರ್ಣ ದೃಶ್ಯವನ್ನೇ ಅವನು ಕಟ್ಟುತ್ತಿದ್ದ. ದಸರೆಯ ಬೊಂಬೆ ಕೂರಿಸುವಾಗ ರಾಜನ ಮುಂದೆ ಮೆರವಣಿಗೆಯನ್ನೂ ಕೆಳಮೆಟ್ಟಿಲಲ್ಲಿ ಸೆಟ್ಟಿಯ ಅಂಗಡಿಯನ್ನೂ ಇಡುವ ನಮ್ಮ ಹೆಂಗಸರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಕನ್ನಡದಲ್ಲಿ ‘ಮಾದರಿ’ ಎಂಬ ಮಾತಿಗೆ ಪ್ರತಿರೂಪವೆಂದೂ ಅರ್ಥ, ಅನುಕರಣಯೋಗ್ಯವೆಂದೂ ಅರ್ಥ. ಯುದ್ಧಯಂತ್ರದ ವಿಷಯದಲ್ಲಿ ಮೊದಲನೆಯ ಅರ್ಥ ಎರಡನೆಯದಕ್ಕೆ ಜಾರದಂತೆ ನೋಡಿಕೊಂಡರಾಯಿತು.

ಕಳೆದ ವರ್ಷ ನಮ್ಮ ಕಾಲೇಜಿನ ವಸ್ತುಪ್ರದರ್ಶನದಲ್ಲಿ ವಿದ್ಯಾರ್ಥಿಯೊಬ್ಬ ‘ಮಾರುತ್’ ವಿಮಾನದ ಮಾದರಿಯನ್ನು ತಂದಿಟ್ಟಿದ್ದ. ಸ್ಪಿಟ್‌ಫೈರಿನ ಕಿಟ್ಟು ಬೇಕಾದಷ್ಟು ಸಿಗುತ್ತದೆ, ಬೆಂಗಳೂರಿನಲ್ಲಿ ಹುಟ್ಟಿದ ಮಾರುತ್ ಅವನಿಗೆ ಯಾವ ಅಂಗಡಿಯಲ್ಲಿಯೂ ಸಿಗಲಿಲ್ಲ. ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಆವರಣದಲ್ಲಿ ನಿಂತಿರುವ ವಿಮಾನವನ್ನು ನಾಲ್ಕು ಭಾನುವಾರ ನೋಡಿ ಬರೆದುಕೊಂಡು, ರಟ್ಟು ಮತ್ತು ಮರದಿಂದ ೨೨ ಸೆಂಟಿಮೀಟರ್ ಉದ್ದಕ್ಕೆ ಅದನ್ನು ಕಟ್ಟಿದ್ದ. ಅವನು ಅರಿಯದೆಯೇ ಹಳೆಯ ದಾರಿಯನ್ನು ಹಿಡಿದಿದ್ದ: ಜರ್ಮನಿಯಿಂದ ಬಂದ ಕುರ್ಟ್ ಟ್ಯಾಂಕ್ ಹಿಂದುಸ್ತಾನ್ ವಿಮಾನ ಕಾರ್ಖಾನೆಯಲ್ಲಿ ಮಾರುತ್ ರೂಪಿಸುವಾಗ, ಲೋಹದ ವಿಮಾನಕ್ಕೆ ಮೊದಲು ಅಷ್ಟೇ ದೊಡ್ಡ ಮರದ ಗ್ಲೈಡರ್ ಒಂದನ್ನು ಮಾಡಿಸಿ ೧೯೫೯ರಲ್ಲಿ ಹಾರಿಸಿದ್ದರು. ಒಂದಕ್ಕೊಂದರ ಪ್ರಮಾಣದ ಮಾದರಿ! ಹಿರಿಯ ಸಹೋದ್ಯೋಗಿಯೊಬ್ಬರು ‘ಗಾಂಧೀಜಿಯ ಪಟದ ಕೆಳಗೆ ಯುದ್ಧವಿಮಾನವೇ?’ ಎಂದು ಆಕ್ಷೇಪಿಸಿ ಅದನ್ನು ಮೂಲೆಯ ಮೇಜಿಗೆ ಕಳುಹಿಸಿದರು. ಅವರ ನೋವು ಸುಳ್ಳಲ್ಲ. ಆದರೂ ಅವರು ಮಾದರಿಯ ಪಕ್ಕದ ಚೀಟಿಯನ್ನು ಓದಬೇಕಾಗಿತ್ತು. ಉದ್ದ, ರೆಕ್ಕೆಯಗಲ, ಮೊದಲ ಹಾರಾಟ ೧೭-೬-೧೯೬೧ ಎಂಬವುಗಳ ಕೆಳಗೆ ಹುಡುಗ ಬರೆದಿದ್ದ: ‘ಹಾರಿಸಿದವರು ಸುರಂಜನ್ ದಾಸ್. ೧೯೭೦ರ ಜನವರಿ ೧೦ರಂದು ಇದೇ ಬಗೆಯ ವಿಮಾನವನ್ನು ಪರೀಕ್ಷಿಸುವಾಗ ಬೆಂಗಳೂರಿನಲ್ಲಿ ಮರಣ ಹೊಂದಿದರು.’ ಸುರಂಜನ್‌ದಾಸ್ ರಸ್ತೆಯಲ್ಲಿ ದಿನವೂ ಬಸ್ಸು ಹಿಡಿಯುವ ನಮ್ಮ ಎಷ್ಟೋ ವಿದ್ಯಾರ್ಥಿಗಳು ಆ ಹೆಸರು ಯಾರದೆಂದು ಮೊದಲ ಬಾರಿಗೆ ತಿಳಿದದ್ದು ಆ ಮೂಲೆಯ ಮೇಜಿನಲ್ಲಿ.

ಎನ್.ಸಿ.ಸಿ.ಯ ವಾಯುದಳದಲ್ಲಿ ಮಾದರಿ ವಿಮಾನ ಕಟ್ಟುವುದು ಶಿಕ್ಷಣದ ಭಾಗವಾಗಿಯೇ ಇದೆ. ಅದು ಆ ದಳವಿರುವ ಕಾಲೇಜುಗಳ ಕೆಲವೇ ಮಕ್ಕಳಿಗೆ ದಕ್ಕುತ್ತದೆ. ಉಳಿದವರಿಗಾಗಿ ಕಾಲೇಜುಗಳು ಮಾಡಬೇಕಾದ ಖರ್ಚು ದೊಡ್ಡದಲ್ಲ. ಗಾಳಿಯಾಡುವ ಒಂದು ಕೋಣೆ, ಒಂದು ಮೇಜು, ಒಳ್ಳೆಯ ದೀಪ, ಗ್ರಂಥಭಂಡಾರದಲ್ಲಿ ನಕ್ಷೆಗಳ ನಾಲ್ಕಾರು ಪುಸ್ತಕ. ಜೊತೆಗೆ, ಧೂಳು ಹೊಗದ ಒಂದು ಗಾಜಿನ ಕಪಾಟು. ಕಪಾಟಿನ ಚೀಟಿಗಳನ್ನು ತಿದ್ದಿಕೊಡುವ ಕೆಲಸವನ್ನು ಕನ್ನಡ ವಿಭಾಗ ಸಂತೋಷದಿಂದ ವಹಿಸಿಕೊಳ್ಳುತ್ತದೆ.