ಗದ್ದ ಬೆಳೆಯುವ ಕಾಲ

ಹಳೆಯ ವಿದ್ಯಾರ್ಥಿಯೊಬ್ಬ, ಈಗ ಎರಡು ಮಕ್ಕಳ ತಂದೆ, ಮೊನ್ನೆ ದೂರವಾಣಿಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರವಾಗಿ ಇದನ್ನು ಬರೆಯುತ್ತಿದ್ದೇನೆ. ಅವನ ಮಗಳಿಗೆ ಹನ್ನೊಂದು ವರ್ಷ. ಮೇಲಿನ ಹಲ್ಲು ಮುಂದೆ, ಗದ್ದ ಹಿಂದೆ. ದಂತವೈದ್ಯರು ಈಗಲೇ ಕ್ಲಿಪ್ ಹಾಕಿಸಬೇಕು ಎನ್ನುತ್ತಾರೆ. ಮನೆಯ ಹಿರಿಯರು "ಮದುವೆಯ ಹೊತ್ತಿಗೆ ನೋಡಿಕೊಂಡರಾಯಿತು" ಎನ್ನುತ್ತಾರೆ. "ಮೇಷ್ಟ್ರೇ, ನೀವೇನು ಹೇಳುತ್ತೀರಿ?" ಎಂದು ಕೇಳಿದ. ನಾನು ವೈದ್ಯನಲ್ಲ, ಮೂವತ್ತು ವರ್ಷಕ್ಕೂ ಮೀರಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು. ಆದರೆ ಈ ತೊಂದರೆಗೆ ಚಿಕಿತ್ಸೆ ಆಗಬೇಕಾದ ವಯಸ್ಸೂ ನನ್ನ ತರಗತಿಯ ಬೆಂಚುಗಳ ಮೇಲೆ ಕುಳಿತ ಮಕ್ಕಳ ವಯಸ್ಸೂ ಹೆಚ್ಚುಕಡಿಮೆ ಒಂದೇ. ಆದ್ದರಿಂದ ನಾಲ್ಕು ಮಾತು ಹೇಳುವ ಅಧಿಕಾರ ನನಗೂ ಇದೆಯೆಂದುಕೊಂಡಿದ್ದೇನೆ.

"ಉಬ್ಬು ಹಲ್ಲು" ಎಂದು ನಾವು ಕರೆಯುವ ಅನೇಕ ಮಕ್ಕಳಲ್ಲಿ ತಪ್ಪು ಹಲ್ಲಿನದ್ದಷ್ಟೇ ಅಲ್ಲ. ಕೆಳದವಡೆಯೇ ಹಿಂದೆ ಉಳಿದಿರುತ್ತದೆ. ಸಾಮಾನ್ಯವಾಗಿ ಮೇಲಿನ ಬಾಚಿಹಲ್ಲುಗಳು ಕೆಳಗಿನವಕ್ಕಿಂತ ಎರಡು ಮೂರು ಮಿಲಿಮೀಟರಿನಷ್ಟು ಮಾತ್ರ ಮುಂದಿರುತ್ತವೆ. ಈ ಮಕ್ಕಳಲ್ಲಿ ಆ ಅಂತರ ಏಳು, ಎಂಟು, ಹತ್ತಕ್ಕೂ ಹೋಗುವುದುಂಟು. ತಾಯಿ ಎದುರಿನಿಂದ ನೋಡುತ್ತಾಳೆ, ಹಲ್ಲು ಕಾಣುತ್ತದೆ. ಪಕ್ಕದಿಂದ ನೋಡಿದರೆ ಗದ್ದ ಕಾಣುತ್ತದೆ. ಕಪ್ಪುಹಲಗೆಯ ಬಳಿ ನಿಂತು ಸಾಲುಗಳನ್ನು ಓರೆಯಾಗಿ ನೋಡುವ ಮೇಷ್ಟ್ರಿಗೆ ಅದು ಬೇಗ ಕಾಣುತ್ತದೆ.

ಕೆಳದವಡೆಯ ಬೆಳವಣಿಗೆಯ ಒಂದು ಮುಖ್ಯ ಜಾಗ ಕಿವಿಯ ಮುಂದಿನ ಕೀಲಿನ ತುದಿಯಲ್ಲಿದೆ. ಅಲ್ಲಿನ ಮೃದ್ವಸ್ಥಿ ಮೈಯೆಲ್ಲ ಬೆಳೆಯುವ ಕಾಲದಲ್ಲಿ ತಾನೂ ಚುರುಕಾಗುತ್ತದೆ. ಬೇಸಿಗೆ ರಜೆ ಮುಗಿಸಿ ಬಂದ ಎಂಟನೆಯ ತರಗತಿಯ ಹುಡುಗನ ಪ್ಯಾಂಟು ಗೇಣುದ್ದ ಮೇಲೆ ನಿಂತಿರುತ್ತದಲ್ಲ, ಅದೇ ಕಾಲ. ಹೆಣ್ಣುಮಕ್ಕಳಲ್ಲಿ ಅದು ಒಂದೆರಡು ವರ್ಷ ಮೊದಲೇ ಬಂದು ಹೋಗುತ್ತದೆ. ತಜ್ಞರು ವಯಸ್ಸನ್ನು ಮಾತ್ರ ನಂಬುವುದಿಲ್ಲ. ಮಣಿಕಟ್ಟಿನ ಅಥವಾ ಕತ್ತಿನ ಮೂಳೆಗಳ ಎಕ್ಸ್‌ರೇ ನೋಡಿ ಬೆಳವಣಿಗೆ ಎಷ್ಟು ಬಾಕಿಯಿದೆಯೆಂದು ಅಂದಾಜು ಮಾಡುತ್ತಾರೆ. ಈ ಕಾಲ ದಾಟಿದ ಮೇಲೆ ಉಳಿಯುವುದು ಎರಡೇ ದಾರಿ. ಹಲ್ಲುಗಳನ್ನು, ಅಗತ್ಯವಿದ್ದರೆ ಒಂದೆರಡನ್ನು ಕಿತ್ತು, ಹಿಂದಕ್ಕೆಳೆದು ಕೊರತೆಯನ್ನು ಮರೆಮಾಚುವುದು. ಇಲ್ಲವೇ ದವಡೆಯ ಮೂಳೆಯನ್ನೇ ಕೊಯ್ದು ಮುಂದಕ್ಕೆ ಕೂರಿಸುವ ಶಸ್ತ್ರಚಿಕಿತ್ಸೆ. ಮದುವೆಯ ಹೊತ್ತಿಗೆ ನೋಡೋಣ ಎನ್ನುವ ಹಿರಿಯರು ತಮಗರಿವಿಲ್ಲದೆ ಮಗುವನ್ನು ಈ ಎರಡರ ಮುಂದೆ ನಿಲ್ಲಿಸುತ್ತಿದ್ದಾರೆ. ಅಲ್ಲದೆ ಗಂಡುಮಗುವಾದರೆ "ಗಂಡಸಿಗೇಕೆ ಅಂದಚಂದ" ಎಂದು ಆ ಮಾತೂ ಬರುವುದಿಲ್ಲ!

ಈ ಉಪಕರಣಗಳ ಕಥೆ ಸ್ವಾರಸ್ಯವಾಗಿದೆ. 1905ರಲ್ಲಿ ಜರ್ಮನಿಯ ಎಮಿಲ್ ಹರ್ಬ್ಸ್ಟ್ ಎಂಬಾತ ಕೊಳವೆ ಮತ್ತು ಸರಳಿನ ಜೋಡಣೆಯೊಂದನ್ನು ಹಲ್ಲುಗಳಿಗೇ ಅಂಟಿಸಿ ಕೆಳದವಡೆಯನ್ನು ಮುಂದೆ ಹಿಡಿದಿಡುವ ಉಪಾಯ ತೋರಿಸಿದ. ಅದು ಬಹುಕಾಲ ಮರೆತುಹೋಗಿ, 1979ರಲ್ಲಿ ಹಾನ್ಸ್ ಪಾಂಚೆರ್ಜ್ ಅವರಿಂದ ಮತ್ತೆ ಬಳಕೆಗೆ ಬಂತು. ಡೆನ್ಮಾರ್ಕಿನ ವಿಗ್ಗೊ ಆಂಡ್ರೆಸನ್ ಅವರದು ಮನೆಯೊಳಗಿನ ಕಥೆ. ಮಗಳು ಬೇಸಿಗೆ ರಜೆಗೆ ಹೊರಟಾಗ ಅವಳ ಹಲ್ಲಿನ ತಂತಿಗಳನ್ನು ತೆಗೆದು, ದವಡೆ ಮುಂದೆ ಬರುವಂತೆ ಮಾಡುವ ಸಡಿಲವಾದ ಪ್ಲೇಟೊಂದನ್ನು ಕೊಟ್ಟು ಕಳಿಸಿದರು. ರಜೆ ಮುಗಿಸಿ ಬಂದಾಗ ಅವಳ ಹಲ್ಲುಗಳು ಕೂಡುವ ರೀತಿಯೇ ಸುಧಾರಿಸಿತ್ತು. ಅದರಿಂದ 'ಆಕ್ಟಿವೇಟರ್' ಹುಟ್ಟಿತು.

ಇಂದು ನಮ್ಮ ಊರುಗಳಲ್ಲಿಯೂ ಹೆಚ್ಚಾಗಿ ಕೇಳಿಬರುವ 'ಟ್ವಿನ್ ಬ್ಲಾಕ್' 1977ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ಕ್ಲಾರ್ಕ್ ರೂಪಿಸಿದ್ದು. ಬಿದ್ದು ಮುಂದಿನ ಹಲ್ಲು ಕಳಚಿಕೊಂಡ ಹುಡುಗನೊಬ್ಬನಿಗೆ ಆ ಹಲ್ಲನ್ನು ಮತ್ತೆ ಕೂರಿಸಿದ್ದರು. ಆದರೆ ಕೆಳತುಟಿ ಹಲ್ಲಿನ ಹಿಂದೆ ಸಿಕ್ಕಿಕೊಂಡು ಅದನ್ನು ನೂಕುತ್ತಲೇ ಇತ್ತು. ತುಟಿಯನ್ನು ಬಿಡಿಸಬೇಕಾದರೆ ದವಡೆ ಮುಂದೆ ಬರಬೇಕಿತ್ತು. ಮೇಲೊಂದು, ಕೆಳಗೊಂದು ಅಕ್ರಿಲಿಕ್ ಪ್ಲೇಟು. ಎರಡರಲ್ಲೂ ಸುಮಾರು 70 ಡಿಗ್ರಿ ಓರೆಯಾದ ದಿಮ್ಮಿಗಳು. ಬಾಯಿ ಮುಚ್ಚಿದರೆ ಒಂದು ಓರೆ ಇನ್ನೊಂದಕ್ಕೆ ತಾಗಿ ಕೆಳದವಡೆ ತಾನಾಗಿಯೇ ಮುಂದಕ್ಕೆ ಜಾರುತ್ತದೆ. ಸರಳ ಯಂತ್ರಗಳ ಪಾಠದಲ್ಲಿ ಇಳಿಜಾರನ್ನು ಲಾರಿಗೆ ಪೀಪಾಯಿ ಏರಿಸುವ ಚಿತ್ರ ಬರೆದೇ ಕಲಿಸಿದವನು ನಾನು. ಬಾಯೊಳಗೂ ಅದು ಕೆಲಸಕ್ಕೆ ಬರುತ್ತದೆಂದು ತಿಳಿದಿದ್ದರೆ ಆ ಪಾಠ ಇನ್ನಷ್ಟು ರಂಗೇರುತ್ತಿತ್ತು.

ಇನ್ನು, ಇದರಿಂದ ಆಗುವುದೆಷ್ಟು? "ದವಡೆ ಬೆಳೆಸಿಕೊಡುತ್ತೇವೆ" ಎಂಬ ಜಾಹೀರಾತಿನ ಮಾತನ್ನು ಅರ್ಧಕ್ಕೆ ನಂಬಿ. ಬ್ರಿಟನ್ನಿನಲ್ಲಿ ಕೆವಿನ್ ಓಬ್ರಿಯನ್ ಮತ್ತು ಸಂಗಡಿಗರು ಎಂಟರಿಂದ ಹತ್ತು ವರ್ಷದ ಮಕ್ಕಳ ಮೇಲೆ ಟ್ವಿನ್ ಬ್ಲಾಕ್ ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಹಲ್ಲುಗಳ ಅಂತರ ಚೆನ್ನಾಗಿಯೇ ಇಳಿದಿತ್ತು. ಆದರೆ ಆ ಇಳಿತದ ಬಹುಭಾಗ ಹಲ್ಲುಗಳು ಸರಿದದ್ದರಿಂದ ಬಂದದ್ದು, ಮೂಳೆಯ ಪಾಲು ಚಿಕ್ಕದು. ಅಷ್ಟು ಚಿಕ್ಕ ವಯಸ್ಸಿನಲ್ಲಿ ಶುರುಮಾಡಿದವರಿಗೂ, ಕಾದು ಹದಿಹರೆಯದಲ್ಲಿ ಮಾಡಿಸಿಕೊಂಡವರಿಗೂ ಕೊನೆಯಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಬೇಗ ಶುರುಮಾಡಿದರೆ ಇರುವ ಸ್ಪಷ್ಟ ಲಾಭ, ಬಿದ್ದು ಮುಂದಿನ ಹಲ್ಲು ಮುರಿಯುವ ಅಪಾಯ ತಗ್ಗುವುದು. ಆದ್ದರಿಂದ ಮೂರನೆಯ ತರಗತಿಯ ಮಗುವಿಗೆ ಅವಸರ ಬೇಡ, ಹಲ್ಲು ತೀರ ಮುಂದಿದ್ದು ಪೆಟ್ಟಾಗುವ ಭಯವಿದ್ದರೆ ಅಥವಾ ಮಗು ಗೇಲಿಯಿಂದ ಕುಗ್ಗಿಹೋಗಿದ್ದರೆ ಆ ಮಾತು ಬೇರೆ. ಹೈಸ್ಕೂಲು ಮುಗಿಯುವವರೆಗೆ ತಡವೂ ಬೇಡ.

ನಾನು ಮುಖ್ಯವಾಗಿ ಹೇಳಬೇಕಾದದ್ದು ಇದಲ್ಲ. ಹರ್ಬ್ಸ್ಟ್ ಮತ್ತು ಟ್ವಿನ್ ಬ್ಲಾಕ್ ಎರಡನ್ನೂ ಹದಿಹರೆಯದ ಮಕ್ಕಳಲ್ಲಿ ಹೋಲಿಸಿದ ಇನ್ನೊಂದು ಪರೀಕ್ಷೆಯೂ 2003ರಲ್ಲೇ ಬಂತು. ಅಂಟಿಸಿದ ಹರ್ಬ್ಸ್ಟನ್ನು ಸುಮಾರು ಎಂಟರಲ್ಲಿ ಒಂದು ಮಗು ಅರ್ಧಕ್ಕೆ ಬಿಟ್ಟರೆ, ತೆಗೆದು ಹಾಕಬಹುದಾದ ಟ್ವಿನ್ ಬ್ಲಾಕನ್ನು ಮೂರರಲ್ಲಿ ಒಂದು ಮಗು ಬಿಟ್ಟಿತ್ತು. ಹಗಲೂ ರಾತ್ರಿ, ಊಟದಲ್ಲಿಯೂ ತೊಡಬೇಕಾದ ವಸ್ತುವದು. ಡಬ್ಬಿಯಲ್ಲಿಟ್ಟರೆ ಡಬ್ಬಿಯ ದವಡೆ ನೆಟ್ಟಗಾಗುವುದಿಲ್ಲ. ನಮ್ಮಲ್ಲಿ ತಂದೆ ಹಣದ ಮಾತಾಡುತ್ತಾನೆ, ತಾಯಿ ಅಂದದ ಮಾತಾಡುತ್ತಾಳೆ, ವೈದ್ಯರು ಇಬ್ಬರೊಡನೆ ಮಾತಾಡುತ್ತಾರೆ. ಒಂದು ವರ್ಷ ಅದನ್ನು ಬಾಯಲ್ಲಿ ಹೊರಬೇಕಾದ ಮಗುವನ್ನು ಯಾರೂ ಕೇಳುವುದಿಲ್ಲ. ಮುಂಗಡ ಕೊಡುವ ಮೊದಲು ಮಗುವನ್ನೇ ಕೇಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಒಲ್ಲೆನೆಂದರೆ ಏಕೆಂದು ಕೇಳಿ. ಕಾರಣ ಬಹುತೇಕ ತರಗತಿಯಲ್ಲಿರುತ್ತದೆ.

"ಹಲ್ಲುಬ್ಬ" ಎಂಬ ಅಡ್ಡಹೆಸರನ್ನು ಎಷ್ಟು ಹುಡುಗರು ಹತ್ತನೆಯ ತರಗತಿಯವರೆಗೆ ಹೊತ್ತು ನಡೆದದ್ದನ್ನು ನಾನು ಕಂಡಿಲ್ಲ! ಕೈಯಿಂದ ಬಾಯಿ ಮುಚ್ಚಿಕೊಂಡು ಉತ್ತರ ಹೇಳುವ ಜಾಣೆಯರನ್ನೂ ಕಂಡಿದ್ದೇನೆ. ಪ್ಲೇಟು ಹಾಕಿದ ಮೊದಲ ದಿನಗಳಲ್ಲಿ ಸಕಾರ ಶಕಾರಗಳು ತೊದಲುತ್ತವೆ, ಜೊಲ್ಲು ಹೆಚ್ಚುತ್ತದೆ. ಆ ವಾರದಲ್ಲೇ ಗಟ್ಟಿಯಾಗಿ ಪಾಠ ಓದಿಸಿ ತರಗತಿಯನ್ನು ನಗಿಸುವ ಉಪಾಧ್ಯಾಯರು ಚಿಕಿತ್ಸೆಯನ್ನು ಅಲ್ಲಿಯೇ ಮುಗಿಸಿದಂತೆ. ಈಗ ಉಪಾಧ್ಯಾಯರಾಗಿರುವ ನನ್ನ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕೆಂದು ಕೋರುತ್ತೇನೆ.

ಖರ್ಚಿನ ಬಗ್ಗೆ ಒಂದು ಮಾತು. ಬೆಂಗಳೂರಿನ ಸರ್ಕಾರಿ ದಂತ ಮಹಾವಿದ್ಯಾಲಯದಲ್ಲಿ, ದಾವಣಗೆರೆ, ಧಾರವಾಡ, ಮಣಿಪಾಲಗಳ ದಂತ ಕಾಲೇಜುಗಳಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗಗಳಿವೆ. ಸ್ನಾತಕೋತ್ತರ ವಿದ್ಯಾರ್ಥಿಗಳು ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ನೋಡುತ್ತಾರೆ. ಕಾಯುವ ತಾಳ್ಮೆ ಬೇಕು, ಅಷ್ಟೆ.

ನನ್ನ ತಂಗಿಯ ಮೊಮ್ಮಗನನ್ನು ಹಾಗೆಯೇ ಕೇಳಿದೆವು. ಹನ್ನೆರಡು ವರ್ಷದ ಹುಡುಗ, ಸ್ವಲ್ಪ ಹೊತ್ತು ಯೋಚಿಸಿ, "ಕಬಡ್ಡಿ ಆಡುವಾಗ ತೆಗೆಯಬಹುದಾ?" ಎಂದ. ತೆಗೆಯಬಹುದು, ಆಟ ಮುಗಿದ ಕೂಡಲೇ ಹಾಕಿಕೊಳ್ಳಬೇಕು ಎಂದರು ವೈದ್ಯೆ. ಹಾಗಾದರೆ ಸರಿ ಎಂದು ಒಪ್ಪಿದ. ಈಗ ಏಳು ತಿಂಗಳಾಯಿತು, ಬಿಟ್ಟಿಲ್ಲ.