ರೇಲ್ವೆಯ ವಾಯಿದೆಗಳು

ಬೆಂಗಳೂರಿನ ಉಪನಗರ ರೇಲ್ವೆಯ ವಿಷಯದಲ್ಲಿ ಅಲ್ಲಿಯ ನಾಗರಿಕರು ತಾಳ್ಮೆಗೆಟ್ಟಿರುವರೆಂದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. 148 ಕಿಲೋಮೀಟರು ಉದ್ದದ, 15,767 ಕೋಟಿ ರೂಪಾಯಿಗಳ ಆ ಯೋಜನೆಗೆ ಕೇಂದ್ರ ಸರಕಾರವು 2020ರ ಅಕ್ಟೋಬರದಲ್ಲಿ ಒಪ್ಪಿಗೆಯನ್ನಿತ್ತಿತು. 2022ರ ಜೂನ್ 20ರಂದು ಪ್ರಧಾನಮಂತ್ರಿಗಳೇ ಬಂದು ಅಡಿಗಲ್ಲನ್ನಿಟ್ಟರು. ನಾಲ್ವತ್ತು ವರುಷಗಳಲ್ಲಿ ಆಗದುದನ್ನು ನಾಲ್ವತ್ತು ತಿಂಗಳಲ್ಲಿ ಮಾಡುವ ಮಾತು ಅಂದು ಕೇಳಿಬಂದಿತ್ತು. ಆ ನಾಲ್ವತ್ತು ತಿಂಗಳು 2025ರ ಅಕ್ಟೋಬರದಲ್ಲಿ ತುಂಬಿದವು. ನಾಲ್ಕು ಮಾರ್ಗಗಳಲ್ಲಿ ಒಂದರ ಮೇಲೆಯೂ ಆ ಹೊತ್ತಿಗೆ ಗಾಡಿ ಓಡಲಿಲ್ಲ. ಮೆಟ್ರೋದ ಹಳದಿ ಮಾರ್ಗದ ಕಥೆಯಾದರೂ ಇದಕ್ಕಿಂತ ಬಹಳ ಬೇರೆಯಲ್ಲ. ಕಂಬ ನಿಂತು, ಹಳಿ ಬಿದ್ದು, ನಿಲ್ದಾಣಗಳು ಸಿದ್ಧವಾಗಿ ನಿಂತ ಮೇಲೆಯೂ ಡಬ್ಬಿಗಳು ಬಾರದೆ ಜನರು ಕಾಯಬೇಕಾಯಿತು. ಕಟ್ಟಕಡೆಗೆ 2025ರ ಆಗಸ್ಟ್ 10ರಂದು ಮೂರೇ ಗಾಡಿಗಳೊಡನೆ ಅದು ಆರಂಭವಾಯಿತು.

ರಾಜಧಾನಿಯ ಈ ಅಸಮಾಧಾನದಲ್ಲಿ ನಮಗೂ ಪಾಲಿದೆ. ಹಾವೇರಿ ಜಿಲ್ಹೆಯ ಎಷ್ಟೋ ಮನೆಗಳ ಮಕ್ಕಳು ಓದಿಗೆಂದೋ ಹೊಟ್ಟೆಯ ಪಾಡಿಗೆಂದೋ ಬೆಂಗಳೂರು ಸೇರಿ, ಅಲ್ಲಿಯ ಬೀದಿಗಳ ದಟ್ಟಣೆಯಲ್ಲಿ ದಿನದ ಎರಡು ಮೂರು ತಾಸುಗಳನ್ನು ಕಳೆಯುತ್ತಿದ್ದಾರೆ. ಆದರೆ ಅವರ ತಂದೆತಾಯಿಗಳಿರುವ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಸ್ಥಿತಿಯೇನು ಎಂಬುದನ್ನು ಕೇಳುವವರಾರು? ಬೆಂಗಳೂರಿನವರಿಗೆ ಮೀರಿದ ವಾಯಿದೆಯಾದರೂ ಒಂದಿದೆ. ಅದನ್ನು ಕೈಯಲ್ಲಿ ಹಿಡಿದು ಅವರು ಮಂತ್ರಿಗಳನ್ನು ಪ್ರಶ್ನಿಸಬಲ್ಲರು. ನಮಗೆ ಮೀರುವುದಕ್ಕೂ ಒಂದು ವಾಯಿದೆಯಿಲ್ಲ.

ಹುಬ್ಬಳ್ಳಿಯಿಂದ ಹರಿಹರಕ್ಕೆ ಹೋಗುವ ಹಳಿಯನ್ನು ಸದರ್ನ್ ಮರಾಠಾ ರೇಲ್ವೆಯವರು ಹತ್ತೊಂಬತ್ತನೆಯ ಶತಮಾನದ ಎಂಬತ್ತರ ದಶಕದಲ್ಲಿ ಹಾಕಿದರು. ಅದು ಯಾವ ಊರನ್ನು ಮುಟ್ಟಿತೋ ಆ ಊರಿನ ಪೇಟೆ ಬೆಳೆಯಿತು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳು ಇಂದು ವ್ಯಾಪಾರಸ್ಥಳಗಳಾಗಿರುವುದಕ್ಕೆ ರೇಲ್ವೆಯೊಂದೇ ಕಾರಣವೆಂದು ನಾವು ಹೇಳುವುದಿಲ್ಲ. ಆದರೆ ರೇಲ್ವೆಯಿಲ್ಲದೆ ಅವು ಹೀಗಾಗುತ್ತಿದ್ದವೆಂದು ಯಾರೂ ಹೇಳಲಾರರು. ಕದಂಬರ ಪಾನುಂಗಲ್ಲೆಂದು ಶಾಸನಗಳಲ್ಲಿ ಮೆರೆದ ಹಾನಗಲ್ಲಿಗೆ ತಾರಕೇಶ್ವರನ ಗುಡಿ ಉಳಿಯಿತು, ಪೇಟೆಯು ಉಳಿಯಲಿಲ್ಲ. ನವಾಬರ ರಾಜಧಾನಿಯಾಗಿದ್ದ ಸವಣೂರಿನ ಹೆಸರಿನಲ್ಲಿ ಒಂದು ಸ್ಟೇಶನ್ನಿದೆ. ಆದರೆ ಅದು ಊರಿನಿಂದ ಪೂರ್ವಕ್ಕೆ ಹಲವು ಕಿಲೋಮೀಟರು ಆಚೆ ಇದೆ. ಹೊಸದಾಗಿ ಬಂದ ಪರಸ್ಥಳದವನು ಟಿಕೀಟಿನ ಮೇಲೆ ಸವಣೂರೆಂದು ಓದಿ ಇಳಿದು, ಸುತ್ತಲೂ ಹೊಲಗಳನ್ನೇ ಕಂಡು ಬೆಪ್ಪಾಗುವನು. 2023ರ ಜೂನಿನಲ್ಲಿ ಆರಂಭವಾದ ಧಾರವಾಡ-ಬೆಂಗಳೂರು ವಂದೇ ಭಾರತ ಗಾಡಿಯು ಆ ಸ್ಟೇಶನ್ನಿನ ಮುಂದಿನಿಂದ ನಿಲ್ಲದೆ ಹಾಯುತ್ತದೆ. ಅದು ಅಲ್ಲಿ ನಿಲ್ಲಬೇಕೆಂದು ನಾವು ಹಟ ಹಿಡಿಯುವುದಿಲ್ಲ. ಊರಿಗೂ ಸ್ಟೇಶನ್ನಿಗೂ ನಡುವೆ ಹೊತ್ತಿಗೆ ಸರಿಯಾಗಿ ಬಸ್ಸು ಓಡಿಸಬಾರದೇಕೆ ಎಂದಷ್ಟೇ ನಮ್ಮ ಪ್ರಶ್ನೆ. ಸವಣೂರಿನ ವೀಳ್ಯದೆಲೆ ಪರಪ್ರಾಂತಗಳಿಗೂ ಹೋಗುವ ಸರಕು; ಕೊಯ್ದ ಎಲೆಯು ಸಾರಿಗೆ ಇಲಾಖೆಯ ಅನುಕೂಲಕ್ಕಾಗಿ ಬಾಡದೆ ಕಾಯುವುದಿಲ್ಲ.

ಹಾಗಾದರೆ ಹೊಸ ಮಾರ್ಗಗಳ ಮಾತೇ ಇಲ್ಲವೆ? ಉಂಟು. 2018ರಲ್ಲಿ ಮಂಜೂರಾದ ಶಿವಮೊಗ್ಗ-ಶಿಕಾರಿಪುರ-ರಾಣೆಬೆನ್ನೂರು ಮಾರ್ಗವು ಸುಮಾರು ನೂರು ಕಿಲೋಮೀಟರಿನದು. ಮಾಸೂರು, ರಟ್ಟೀಹಳ್ಳಿಗಳ ಸೀಮೆಯನ್ನು, ಎಂದರೆ ಹಳೆಯ ಹಿರೇಕೆರೂರು ತಾಲೂಕನ್ನು, ಅದು ಹಾದು ಹೋಗತಕ್ಕದ್ದು. ಗೋವಿನಜೋಳವನ್ನೂ ಹತ್ತಿಯನ್ನೂ ಬೆಳೆದು ಲಾರಿಯ ಬಾಡಿಗೆಗೇ ಲಾಭದ ಪಾಲನ್ನು ತೆರುವ ಒಕ್ಕಲಿಗರಿಗೆ ಇದು ಸಣ್ಣ ಆಸೆಯಲ್ಲ. ಆದರೆ ಕೆಲಸವನ್ನು ಎರಡು ಭಾಗ ಮಾಡಿ, ಶಿವಮೊಗ್ಗೆಯಿಂದ ಶಿಕಾರಿಪುರದವರೆಗಿನದನ್ನು ಮೊದಲು ಹಿಡಿದರು. ನಮ್ಮ ಜಿಲ್ಹೆಯದು ಎರಡನೆಯ ಭಾಗ. ಏಳು ವರುಷಗಳು ತುಂಬಿ 2025 ಬಂದಾಗಲೂ ಮಾಸೂರಿನ ಹೊಲಗಳಲ್ಲಿ ಹಳಿ ಬಿದ್ದಿರಲಿಲ್ಲ.

ಇಂಥ ವಿಳಂಬದ ಮೂಲವು ಹಣದಲ್ಲಿರುವುದಕ್ಕಿಂತ ಹೆಚ್ಚಾಗಿ ಯಜಮಾನಿಕೆಯಲ್ಲಿದೆಯೆಂಬುದು ನಮ್ಮ ಅಭಿಪ್ರಾಯ. ಈ ಮಾರ್ಗದ ವೆಚ್ಚದಲ್ಲಿ ಅರ್ಧ ಪಾಲು ರಾಜ್ಯದ್ದು. ಭೂಮಿಯನ್ನು ಸ್ವಾಧೀನಪಡಿಸಿ ಕೊಡುವ ಹೊಣೆಯೂ ರಾಜ್ಯದ್ದೇ. ಭೂಮಿ ಕೈಗೆ ಬಂದ ಹೊರತು ಟೆಂಡರು ಕರೆಯಲಾರೆವೆಂದು ರೇಲ್ವೆಯವರು ಹೇಳಬಹುದು. ರೇಲ್ವೆಯವರು ನಕ್ಷೆಯನ್ನು ಕಟ್ಟಕಡೆಯದಾಗಿ ಗೊತ್ತುಮಾಡಿದ ಹೊರತು ಅಳತೆ ಮುಗಿಯದೆಂದು ಕಂದಾಯದವರು ಹೇಳಬಹುದು. ಎರಡೂ ಮಾತು ಕಾಗದದ ಮೇಲೆ ನಿಜವೇ. ಎರಡು ಎತ್ತುಗಳನ್ನು ಒಂದೇ ನೊಗಕ್ಕೆ ಕಟ್ಟಿ, ಒಂದರ ಹಗ್ಗವು ದಿಲ್ಲಿಯಲ್ಲಿಯೂ ಇನ್ನೊಂದರದು ಬೆಂಗಳೂರಿನಲ್ಲಿಯೂ ಇದ್ದರೆ ಗಾಡಿಯು ಕೆರೆಯ ಏರಿಯ ಮೇಲೆಯೇ ನಿಲ್ಲುವುದು. ಬೆಂಗಳೂರಿನ ಉಪನಗರ ರೇಲ್ವೆಯನ್ನು ಎರಡು ಸರಕಾರಗಳೂ ಕೂಡಿ ಕಟ್ಟಿದ ಒಂದು ಕಂಪನಿಯ ಕೈಗೆ ಒಪ್ಪಿಸಿದ್ದು ಈ ರೋಗಕ್ಕೆ ಮದ್ದೆಂದೇ. ಮದ್ದೂ ನಾಟಲಿಲ್ಲವೆಂಬುದನ್ನು ಮೇಲೆ ಹೇಳಿದ ನಾಲ್ವತ್ತು ತಿಂಗಳೇ ತೋರಿಸಿವೆ.

ರೈತರು ಭೂಮಿಯನ್ನು ಬಿಡಲೊಲ್ಲರು, ಅದೇ ತಡಕ್ಕೆ ಕಾರಣ, ಎಂದು ಅಧಿಕಾರಿವರ್ಗದವರು ಹೇಳುವುದುಂಟು. ಈ ಮಾತನ್ನು ನಾವು ಪೂರ್ಣವಾಗಿ ಒಪ್ಪಲಾರೆವು. 2013ರ ಭೂಸ್ವಾಧೀನ ಕಾಯಿದೆಯು ಭೂಮಿಯ ಬೆಲೆಯಲ್ಲದೆ ಅದಕ್ಕೆ ಸಮನಾದ ಮೊತ್ತವನ್ನು ಪರಿಹಾರವಾಗಿ ಕೊಡಬೇಕೆಂದು ವಿಧಿಸುತ್ತದೆ. ಆದರೆ ಗುರುತಿನ ಕಲ್ಲು ನೆಟ್ಟು ವರುಷಗಳು ಕಳೆದರೂ ಹಣ ಬಾರದೆ ಇರುವಾಗ ಆ ಹೊಲವನ್ನು ಮಾರುವಂತಿಲ್ಲ, ಅದರಲ್ಲಿ ಬಾವಿ ತೋಡುವ ಧೈರ್ಯವಿಲ್ಲ, ಅದರ ಮೇಲೆ ಸಾಲ ಹುಟ್ಟುವುದಿಲ್ಲ. ಎರಡು ಎಕರೆಯವನಿಗೆ ಅನಿಶ್ಚಯವೇ ದೊಡ್ಡ ನಷ್ಟ. ಇಂತಿಷ್ಟು ಬೆಲೆ, ಇಂಥ ದಿನ ಸಂದಾಯ ಎಂದು ಬರೆದುಕೊಟ್ಟು ಕೇಳಿದರೆ ಒಲ್ಲೆನೆನ್ನುವವರು ಕಡಿಮೆಯಾದಾರು.

ಶಿಗ್ಗಾಂವಿಗೆ ಹೆದ್ದಾರಿಯಿದೆ, ಮತ್ತೆ ರೇಲ್ವೆ ಏತಕ್ಕೆ, ಎನ್ನುವವರೂ ಇದ್ದಾರೆ. ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ರೋಗಿಯನ್ನು ಕರೆದುಕೊಂಡು ಬೆಳಗಿನ ಬಸ್ಸಿನಲ್ಲಿ ನಿಂತುಕೊಂಡು ಹೋಗುವವರನ್ನು ಅವರೊಮ್ಮೆ ನೋಡಿಬರಲಿ. ಶಿಗ್ಗಾಂವಿಯ ಪ್ರತಿನಿಧಿಯಾಗಿದ್ದ ಶ್ರೀ ಬಸವರಾಜ ಬೊಮ್ಮಾಯಿಯವರು 2021ರಿಂದ 2023ರ ವರೆಗೆ ರಾಜ್ಯದ ಮುಖ್ಯಮಂತ್ರಿಗಳಾಗಿದ್ದರು. ನೈಋತ್ಯ ರೇಲ್ವೆಯ ಮುಖ್ಯ ಕಚೇರಿಯು 2003ರಿಂದ ಹುಬ್ಬಳ್ಳಿಯಲ್ಲಿಯೇ ಇದೆ. ಅಧಿಕಾರವು ಇಷ್ಟು ಹತ್ತಿರ ಬಂದು ಹೋದರೂ ಶಿಗ್ಗಾಂವಿಗೆ ಹಳಿ ಬರಲಿಲ್ಲ. ಇದು ಒಬ್ಬರ ದೋಷವೆಂದು ನಾವು ಹೇಳೆವು. ಕೇಳುವವರು ನಾಲ್ಕು ತಾಲೂಕುಗಳಲ್ಲಿ ನಾಲ್ಕು ದಾರಿಯಾಗಿ ಹರಿದುಹೋದದ್ದೂ ಇದಕ್ಕೆ ಕಾರಣವೇ.

ನಾವು ಬೇಡುವುದು ಹೊಸ ಅಡಿಗಲ್ಲನ್ನಲ್ಲ. ರಾಣೆಬೆನ್ನೂರು ಮಾರ್ಗದ ಎರಡನೆಯ ಭಾಗದಲ್ಲಿ ಯಾವ ಗ್ರಾಮದ ಎಷ್ಟು ಎಕರೆಯ ಅಳತೆಯಾಗಿದೆ, ಎಷ್ಟು ಜನಕ್ಕೆ ಹಣ ಸಂದಿದೆ, ಉಳಿದುದು ಯಾರ ಮೇಜಿನ ಮೇಲಿದೆ ಎಂಬುದನ್ನು ಬರೆದು, ಕೆಳಗೆ ಜಿಲ್ಹಾಧಿಕಾರಿಗಳೂ ರೇಲ್ವೆಯ ಇಂಜಿನಿಯರರೂ ಇಬ್ಬರೂ ಸಹಿ ಹಾಕಿ, ಹಿರೇಕೆರೂರು, ರಟ್ಟೀಹಳ್ಳಿಗಳ ತಹಸೀಲ ಕಚೇರಿಗಳ ಗೋಡೆಗೆ ತಿಂಗಳಿಗೊಮ್ಮೆ ಅಂಟಿಸಲಿ. ಹಾನಗಲ್ಲು, ಶಿಗ್ಗಾಂವಿಗಳ ವಿಷಯದಲ್ಲಿ ಮಾರ್ಗವನ್ನು ಹಾಕುವ ವಿಚಾರವುಂಟೋ ಇಲ್ಲವೋ ಎಂಬುದನ್ನು ರೇಲ್ವೆಯವರು ಬಾಯಿಬಿಟ್ಟು ಹೇಳಲಿ. ಸವಣೂರಿನ ಬಸ್ಸಿಗಂತೂ ದಿಲ್ಲಿಯ ಅಪ್ಪಣೆ ಬೇಕಾಗಿಲ್ಲ.