ತಗಡಿನ ಮೇಲಿನ ಕಲ್ಲು

ದಾವಣಗೆರೆ ಮತ್ತು ಹರಿಹರದ ಹಳೆಯ ಕೇರಿಗಳಲ್ಲಿ ಮಾಳಿಗೆಯ ಮನೆಗಳು ಒಂದೊಂದಾಗಿ ಮರೆಯಾಗುತ್ತಿವೆ. ತೊಲೆಗೆ ಗೆದ್ದಲು ಹಿಡಿದು ಜಂತೆ ಬಾಗಿದೊಡನೆ ಮನೆಯವರು ಮಣ್ಣನ್ನು ಇಳಿಸಿ, ಅದೇ ಗೋಡೆಗಳ ಮೇಲೆ ತಗಡನ್ನು ಹೊದಿಸುತ್ತಾರೆ. ಹಣವುಳ್ಳವರು ಕಾಂಕ್ರೀಟು ಹಾಕಿಸುತ್ತಾರೆ. ಅವರ ಮಾತನ್ನು ಇಲ್ಲಿ ಬಿಡೋಣ. ಛಾವಣಿಯನ್ನು ಬದಲಿಸುವುದೇ ತಪ್ಪೆಂದು ನಾವು ಹೇಳುವುದಿಲ್ಲ. ಜಡಿಮಳೆಗೆ ನೆನೆದ ಮಾಳಿಗೆ ಮಲಗಿದವರ ಮೇಲೆ ಕುಸಿದೀತೆಂಬ ಭಯ ನಿಜವಾದದ್ದು. ಬದಲಿಸುವ ರೀತಿಗೆ ಮಾತ್ರ ನಮ್ಮ ಆಕ್ಷೇಪಣೆಯಿದೆ.

ಮಾಳಿಗೆ ಎಂದರೇನು? ತೊಲೆಯ ಮೇಲೆ ಜಂತೆ, ಅದರ ಮೇಲೆ ಸೊಪ್ಪುಸದೆ, ಅದರ ಮೇಲೆ ಗೇಣುದ್ದದ ಮಣ್ಣು, ಎಲ್ಲಕ್ಕೂ ಮೇಲೆ ಕರಲು ಮಣ್ಣಿನ ಹೊದಿಕೆ. ಬೆಳೆಗೆ ಬಾರದ ಈ ಕರಲು ಮಣ್ಣನ್ನು ಮನೆಯ ಮೇಲೆ ಹಾಕಬೇಕೆಂದು ಕಂಡುಕೊಂಡ ಹಿರಿಯರು ಸಾಮಾನ್ಯರಲ್ಲ. ಅದರಲ್ಲಿರುವ ಸೋಡಿಯಂ ಲವಣಗಳ ದೆಸೆಯಿಂದ ಜೇಡಿಯ ಕಣಗಳು ನೀರು ತಗುಲಿದೊಡನೆ ಬಿಡಿಬಿಡಿಯಾಗಿ ಹರಡಿ ರಂಧ್ರಗಳನ್ನು ಮುಚ್ಚುತ್ತವೆ. ನೀರು ಒಳಗಿಳಿಯದೆ ಹರಿದುಹೋಗುತ್ತದೆ. ಹೊಲವನ್ನು ಕೆಡಿಸುವ ಗುಣವೇ ಮನೆಯನ್ನು ಕಾಯುತ್ತದೆ. ಇಂತಹ ಮಾಳಿಗೆಯಲ್ಲಿ ಆರು ಅಂಗುಲದಷ್ಟು ಮಣ್ಣಿದ್ದರೂ ಪ್ರತಿ ಚದರ ಮೀಟರಿಗೆ ಸುಮಾರು 240 ಕಿಲೋಗ್ರಾಂ ತೂಕವಾಗುತ್ತದೆ. ಆ ಜಾಗಕ್ಕೆ ಬರುವ ತಗಡಿನ ತೂಕ ನಾಲ್ಕೈದು ಕಿಲೋಗ್ರಾಂ ಮಾತ್ರ.

ಹಿಮ ಬೀಳುವ ಬೆಟ್ಟದ ಸೀಮೆಗಳಲ್ಲಿ ಛಾವಣಿ ಹೊದಿಸುವವರ ದೊಡ್ಡ ಚಿಂತೆ ಕೆಳಮುಖವಾದ ಭಾರ. ಅಡಿಯೆತ್ತರ ಕೂಡಿದ ಹೊಸ ಹಿಮವೂ ಚದರ ಮೀಟರಿಗೆ ಮೂವತ್ತು ಕಿಲೋಗ್ರಾಂನಷ್ಟು ಅದುಮುತ್ತದೆ. ಆದುದರಿಂದ ಅಲ್ಲಿ ದಪ್ಪನೆಯ ತೊಲೆ, ಕಡಿದಾದ ಇಳಿಜಾರು. ನಮ್ಮ ಬಯಲುಸೀಮೆಯ ತಗಡಿಗೆ ಅಪಾಯವು ಮೇಲ್ಮುಖವಾಗಿ ಬರುತ್ತದೆ.

ಏಪ್ರಿಲ್ ತಿಂಗಳ ಕೊನೆಯ ದಿನಗಳಲ್ಲಿ ಮಧ್ಯಾಹ್ನದ ಸೂರ್ಯನು ದಾವಣಗೆರೆಯ ನೆತ್ತಿಯ ಮೇಲೆ ನೇರವಾಗಿ ನಿಲ್ಲುತ್ತಾನೆ. ಕಾದ ನೆಲದ ಗಾಳಿ ಮೇಲೇರಿ ಮೋಡಗಟ್ಟುತ್ತದೆ. ಸಂಜೆ ಆ ಮೋಡದಿಂದ ಬೀಳುವ ಹನಿಗಳಲ್ಲಿ ಹಲವು ಒಣಗಾಳಿಯಲ್ಲಿ ನಡುದಾರಿಯಲ್ಲಿಯೇ ಆವಿಯಾಗಿ, ಸುತ್ತಲಿನ ಶಾಖವನ್ನು ಹೀರುತ್ತವೆ. ತಣಿದು ಭಾರವಾದ ಗಾಳಿ ಕೆಳಕ್ಕೆ ಧುಮುಕಿ, ನೆಲವನ್ನು ಮುಟ್ಟಿ, ನಾಲ್ಕು ದಿಕ್ಕಿಗೂ ನುಗ್ಗುತ್ತದೆ. ಮಳೆಗೆ ಮುಂಚೆ ಧೂಳೆಬ್ಬಿಸುತ್ತ ಬರುವ ಬಿರುಗಾಳಿ ಇದೇ.

ಈ ಗಾಳಿ ಗೋಡೆಗೆ ಬಡಿದು ಛಾವಣಿಯ ಅಂಚಿನಿಂದ ಹಾರಿ ದಾಟುವಾಗ ತಗಡಿನ ಮೇಲೆ ಒತ್ತಡ ತಗ್ಗುತ್ತದೆ. ಗಾಳಿಯ ಕಡೆಯ ಬಾಗಿಲು ತೆರೆದಿದ್ದರೆ ಒಳಗಿನ ಒತ್ತಡವೂ ಏರಿ ತಗಡನ್ನು ಕೆಳಗಿನಿಂದ ನೂಕುತ್ತದೆ. ಗಾಳಿಯ ಒತ್ತಡವು ವೇಗದ ವರ್ಗಕ್ಕೆ ಅನುಗುಣವಾದುದೆಂದು ವಿದ್ಯಾರ್ಥಿಗಳು ಬಲ್ಲರು: ಸೆಕೆಂಡಿಗೆ ಇಷ್ಟು ಮೀಟರೆಂದು ಅಳೆದ ವೇಗವನ್ನು ವರ್ಗಮಾಡಿ 0.6ರಿಂದ ಗುಣಿಸಿದರೆ ಚದರ ಮೀಟರಿಗೆ ಇಷ್ಟು ನ್ಯೂಟನ್ ಎಂದು ದೊರೆಯುತ್ತದೆ. ಗಂಟೆಗೆ 90 ಕಿಲೋಮೀಟರು, ಎಂದರೆ ಸೆಕೆಂಡಿಗೆ 25 ಮೀಟರು ವೇಗಕ್ಕೆ 375 ನ್ಯೂಟನ್. ಸುಮಾರು 38 ಕಿಲೋಗ್ರಾಂ ತೂಕಕ್ಕೆ ಸಮ. ಎತ್ತುವ ಬಲವು ಇಷ್ಟೇ ಎಂದಿಟ್ಟುಕೊಂಡರೂ, 20 ಅಡಿ ಉದ್ದ, 10 ಅಡಿ ಅಗಲದ ಚಿಕ್ಕ ಮನೆಯ ತಗಡುಗಳನ್ನು ಒಟ್ಟು 700 ಕಿಲೋಗ್ರಾಂನಷ್ಟು ಬಲ ಮೇಲಕ್ಕೆಳೆಯುತ್ತದೆ. ಅಂಚುಗಳಲ್ಲಿ ಸೆಳೆತ ಇನ್ನೂ ಹೆಚ್ಚು. ತಗಡುಗಳೆಲ್ಲದರ ತೂಕ ನೂರು ಕಿಲೋಗ್ರಾಂ ಕೂಡ ಆಗದು.

ಇದಕ್ಕೆ ನಮ್ಮ ಜನ ಕಂಡುಕೊಂಡ ಉಪಾಯವೆಂದರೆ ತಗಡಿನ ಮೇಲೆ ಕಲ್ಲು ಹೇರುವುದು. ಇಪ್ಪತ್ತು ಕಿಲೋಗ್ರಾಂ ತೂಗುವ ಹತ್ತು ಕಲ್ಲುಗಳಿಟ್ಟರೆ 200 ಆಯಿತು. ಉಳಿದ 400ಕ್ಕೆ ಉತ್ತರವೇನು? ಸಣ್ಣ ಗಾಳಿಗೆ ತಡೆಯುವ ಕಲ್ಲು ದೊಡ್ಡ ಗಾಳಿಗೆ ತಗಡಿನೊಡನೆ ಜಾರಿ ಅಂಗಳದಲ್ಲಿರುವ ಮಗುವಿನ ಮೇಲೆ ಬೀಳುತ್ತದೆ. ಕಲ್ಲಿನ ತೂಕವನ್ನೇ ನಂಬುವುದಾದರೆ ಹರಿಹರೇಶ್ವರ ದೇವಾಲಯದಂತೆ ಛಾವಣಿಯನ್ನೆಲ್ಲ ಕಲ್ಲಿನಿಂದಲೇ ಕಟ್ಟಬೇಕು. ಹೊಯ್ಸಳ ದಂಡನಾಯಕ ಪೋಲಾಳ್ವನು ಸುಮಾರು 1224ರಲ್ಲಿ ಕಟ್ಟಿಸಿದ ಅದಕ್ಕೆ ಮೊಳೆ ಬೇಕಿಲ್ಲ. ತಗಡಿನ ಮೇಲೆ ಇಡುವ ಬಿಡಿಗಲ್ಲನ್ನು ನಾವು ರಕ್ಷಣೆಯೆಂದು ಒಪ್ಪಲಾರೆವು.

ಬೇಕಾದುದು ಬಿಗಿತ. ತಗಡನ್ನು ಅಡ್ಡಪಟ್ಟಿಗೆ, ಅಡ್ಡಪಟ್ಟಿಯನ್ನು ತೊಲೆಗೆ, ತೊಲೆಯನ್ನು ಗೋಡೆಗೆ ಬಂಧಿಸಬೇಕು. ಇವುಗಳಲ್ಲಿ ಒಂದು ಕೊಂಡಿ ಸಡಿಲವಾದರೂ ಉಳಿದವು ವ್ಯರ್ಥ. ತಗಡು ಬಿಗಿಯಾಗಿದ್ದು ತೊಲೆ ಗೋಡೆಯ ಮೇಲೆ ಸುಮ್ಮನೆ ಕುಳಿತಿದ್ದರೆ ಛಾವಣಿಯೆಲ್ಲ ಒಂದೇ ತುಂಡಾಗಿ ಹಾರುತ್ತದೆ. ಹಳೆಯ ಮಣ್ಣಿನ ಗೋಡೆಯ ತುದಿಗೆ ಹೊಡೆದ ಮೊಳೆ ಹಲ್ಲು ಕಿತ್ತಂತೆ ಕಿತ್ತುಬರುತ್ತದೆ. ಆದುದರಿಂದ ಕಬ್ಬಿಣದ ಪಟ್ಟಿಯನ್ನು ಗೋಡೆಯೊಳಗೆ ಎರಡು ಮೂರು ಅಡಿ ಆಳಕ್ಕೆ ಇಳಿಸಿ, ಅಷ್ಟೂ ಗೋಡೆಯ ತೂಕವು ತೊಲೆಯನ್ನು ಹಿಡಿದಿರುವಂತೆ ಮಾಡಬೇಕು. ತಗಡಿಗೆ ಮೊಳೆಯ ಬದಲು ವಾಷರು ಸಹಿತವಾದ ಕೊಕ್ಕೆ ಬೋಲ್ಟು ಹಾಕಬೇಕು. ಅಂಚಿನ ಸಾಲುಗಳಲ್ಲಿ ಒತ್ತೊತ್ತಾಗಿ ಹಾಕಬೇಕು. ಸೂರನ್ನು ಬಹಳ ಮುಂದಕ್ಕೆ ಚಾಚಬಾರದು. ದಪ್ಪ ತಗಡಿಗೆಂದು ಕೊಡುವ ಹೆಚ್ಚಿನ ಹಣ ಬೋಲ್ಟಿಗೂ ಪಟ್ಟಿಗೂ ಹೋಗಲಿ ಎಂಬುದು ನಮ್ಮ ಅಭಿಪ್ರಾಯ.

ಸೆಕೆಯ ಮಾತೂ ಉಂಟು. ಮಾಳಿಗೆಯ ಮಣ್ಣು ಹಗಲಿನ ಬಿಸಿಲನ್ನು ಒಳಗೆ ಬಿಡುತ್ತಿರಲಿಲ್ಲ. ತಗಡು ಕೆಲವೇ ನಿಮಿಷಗಳಲ್ಲಿ ಕಾದು ಕೆಳಗಿನವರ ತಲೆಯ ಮೇಲೆ ಶಾಖವನ್ನು ಸೂಸುತ್ತದೆ. ಹೊರಗೆ ಬಿಳಿಯ ಬಣ್ಣ ಬಳಿದು, ಒಳಗೆ ಒಂದಡಿ ಬಿಟ್ಟು ಬಿದಿರು ತಟ್ಟಿಯ ಒಳಛಾವಣಿ ಕಟ್ಟಿದರೆ ಮಕ್ಕಳು ಮಧ್ಯಾಹ್ನ ಕುಳಿತು ಓದಬಹುದು.

ದಾವಣಗೆರೆಯಲ್ಲಿ 1951ರಿಂದ ಎಂಜಿನಿಯರಿಂಗ್ ಕಾಲೇಜಿದೆ. ಅಲ್ಲಿನ ವಿದ್ಯಾರ್ಥಿಗಳು ಪ್ರತಿವರ್ಷ ಮಾರ್ಚಿಯಲ್ಲಿ ಒಂದೊಂದು ಕೇರಿಯನ್ನು ಆರಿಸಿಕೊಂಡು, ತಗಡಿನ ಮನೆಗಳನ್ನು ನೋಡಿ, ಯಾವ ಕೊಂಡಿ ಸಡಿಲವೆಂದು ಮನೆಯವರಿಗೆ ತೋರಿಸಿಕೊಡಬೇಕೆಂದು ನಾವು ಸೂಚಿಸುತ್ತೇವೆ. ಒಂದು ಏಣಿ, ಒಂದು ಸ್ಪ್ಯಾನರು, ಒಂದು ಅಳತೆಪಟ್ಟಿ ಇದ್ದರೆ ಸಾಕು. ಮೊದಲ ಗುಡುಗಿಗೆ ಮುಂಚೆ ಈ ಕೆಲಸ ಮುಗಿಯಬೇಕು.